ಹಾರಾಟ ಪರೀಕ್ಷೆಯ ಟೆಲಿಮೆಟ್ರಿ: ಕರಾವಳಿಯಲ್ಲಿ ಸಿಗ್ನಲ್ ಕಡಿಯದಿರಲು ಯಾವುದಕ್ಕೆ ಹಣ ಹಾಕಬೇಕು?

ಮಂಗಳೂರು, ಉಡುಪಿ ಸುತ್ತಮುತ್ತಲಿನ ಇಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿ ತಂಡಗಳು ತಾವೇ ಕಟ್ಟಿದ ಚಾಲಕರಹಿತ ವಿಮಾನಗಳನ್ನು ಪರೀಕ್ಷೆಗೆ ಹಾರಿಸುವಾಗ ಎದುರಾಗುವ ತೊಡಕು ಹೆಚ್ಚುಕಡಿಮೆ ಒಂದೇ ಬಗೆಯದು. ವಿಮಾನ ಸರಿಯಾಗಿಯೇ ಹಾರುತ್ತಿರುತ್ತದೆ. ಆದರೆ ಟೆಲಿಮೆಟ್ರಿ, ಅಂದರೆ ವಿಮಾನದ ಅಳತೆಗಳನ್ನು ರೇಡಿಯೊ ಮೂಲಕ ನೆಲಕ್ಕೆ ಕಳಿಸುವ ವ್ಯವಸ್ಥೆ, ಕೈಕೊಡುತ್ತದೆ: ನೆಲದ ಪರದೆಯ ಮೇಲೆ ವೇಗ, ಎತ್ತರ, ಮೋಟಾರಿನ ತಾಪಮಾನದ ಅಂಕಿಗಳು ತಟ್ಟನೆ ನಿಂತು, ಕೆಲವು ಸೆಕೆಂಡುಗಳ ನಂತರ ಮತ್ತೆ ಓಡತೊಡಗುತ್ತವೆ. ಆಗ ತಂಡದೊಳಗೆ ಚರ್ಚೆ ಶುರುವಾಗುತ್ತದೆ: ದೊಡ್ಡ ಆಂಟೆನಾ ತರುವುದೇ, ಆಂಪ್ಲಿಫೈಯರ್ ಹಾಕುವುದೇ, ಹೆಚ್ಚು ಶಕ್ತಿಯ ಟ್ರಾನ್ಸ್‌ಮಿಟರ್ ಕೂರಿಸುವುದೇ, ಇನ್ನೊಂದು ರಿಸೀವರ್ ಕೊಳ್ಳುವುದೇ? ಇರುವ ಹಣ ಇವುಗಳಲ್ಲಿ ಒಂದಕ್ಕೋ ಎರಡಕ್ಕೋ ಸಾಕಾಗುತ್ತದೆ.

ದೊಡ್ಡ ವಿಮಾನಗಳ ಪರೀಕ್ಷೆಯಲ್ಲೂ ಪ್ರಶ್ನೆ ಇದೇ, ಅಳತೆಯಷ್ಟೇ ಬೇರೆ. 2001ರ ಜನವರಿ 4ರಂದು ಬೆಂಗಳೂರಿನಲ್ಲಿ ತೇಜಸ್ ಮೊದಲ ಬಾರಿ ನೆಲ ಬಿಟ್ಟಾಗ ವಿಮಾನದೊಳಗೆ ಪೈಲಟ್ ಒಬ್ಬರೇ ಇದ್ದರೂ, ಅದರ ವ್ಯವಸ್ಥೆಗಳನ್ನು ನೆಲದಲ್ಲಿ ಕುಳಿತ ಇಂಜಿನಿಯರುಗಳು ಟೆಲಿಮೆಟ್ರಿಯ ಮೂಲಕ ನೋಡುತ್ತಿದ್ದರು. ಪರೀಕ್ಷೆಯನ್ನು ಮುಂದುವರಿಸಬೇಕೋ ನಿಲ್ಲಿಸಬೇಕೋ ಎಂಬ ತೀರ್ಮಾನ ಆ ಸಿಗ್ನಲ್‌ನ ಮೇಲೆ ನಿಂತಿರುವಾಗ ಕಡಿತವನ್ನು ಬರಿಯ ಅನನುಕೂಲ ಎನ್ನಲಾಗದು. ಅದು ಸುರಕ್ಷತೆಯ ಪ್ರಶ್ನೆ.

ನಮ್ಮ ಕರಾವಳಿಯಲ್ಲಿ ಸಣ್ಣ ವಿಮಾನಗಳ ಕಡಿತಕ್ಕೆ ಸಿಗ್ನಲ್‌ನ ದೌರ್ಬಲ್ಯ ಕಾರಣವಾಗುವುದು ಕಡಿಮೆ ಎಂಬುದು ನನ್ನ ಅಭಿಪ್ರಾಯ. ಸಮುದ್ರದಿಂದ ಪ್ರತಿಫಲಿಸಿದ ರೇಡಿಯೊ ಅಲೆ ನೇರ ಅಲೆಯನ್ನು ಅಳಿಸುವುದು, ವಿಮಾನದ ಮೈಯೇ ಆಂಟೆನಾವನ್ನು ಮರೆಮಾಡುವುದು, ಪಕ್ಕದ ಮೊಬೈಲ್ ಟವರ್ ರಿಸೀವರನ್ನು ಕಿವುಡಾಗಿಸುವುದು, ಈ ಮೂರೇ ಹೆಚ್ಚಿನ ಪಾಲು. ಇವುಗಳಲ್ಲಿ ಯಾವುದಕ್ಕೂ ಟ್ರಾನ್ಸ್‌ಮಿಟರಿನ ಶಕ್ತಿ ಏರಿಸುವುದು ಮದ್ದಲ್ಲ.

ಮೊದಲು ಅಳತೆಗೋಲು

ಆಯ್ಕೆಗಳನ್ನು ತೂಗುವ ಮೊದಲು ಕಡಿತ ಯಾವ ಬಗೆಯದು ಎಂದು ಗುರುತಿಸಬೇಕು. ಇದಕ್ಕೆ ಹಣ ಬೇಡ, ದಾಖಲೆ ಬೇಕು. ಪ್ರತಿ ಸೆಕೆಂಡಿಗೂ ಸಿಗ್ನಲ್‌ನ ಮಟ್ಟ, ಗದ್ದಲದ (ಬೇಡದ ರೇಡಿಯೊ ಸದ್ದಿನ) ಮಟ್ಟ ಮತ್ತು ತಪ್ಪಿಹೋದ ಪ್ಯಾಕೆಟ್‌ಗಳ (ಡೇಟಾದ ಸಣ್ಣ ತುಣುಕುಗಳ) ಸಂಖ್ಯೆಯನ್ನು ನೆಲದ ಕಂಪ್ಯೂಟರಿನಲ್ಲಿ ಬರೆದಿಟ್ಟು, ಅದನ್ನು ವಿಮಾನದೊಳಗಿನ ದಾಖಲೆಯಲ್ಲಿರುವ ಸ್ಥಾನ ಮತ್ತು ಓಲುವ ಕೋನದ ಪಕ್ಕದಲ್ಲಿಟ್ಟು ನೋಡಿದರೆ ಕಾರಣ ಬಹುಮಟ್ಟಿಗೆ ಹೊರಬೀಳುತ್ತದೆ. ದೂರ ಹೆಚ್ಚಿದಂತೆ ಸಿಗ್ನಲ್ ನಿಧಾನವಾಗಿ ಇಳಿದು ಕೊನೆಗೆ ಕಡಿದರೆ ಅದು ನಿಜವಾದ ದೌರ್ಬಲ್ಯ. ವಿಮಾನ ತಿರುಗುವಾಗಲಷ್ಟೇ ಕಡಿದು, ನೇರವಾದೊಡನೆ ಮರಳಿದರೆ ದೋಷ ವಿಮಾನದ ಮೇಲಿನ ಆಂಟೆನಾದಲ್ಲಿದೆ. ನೀರಿನ ಮೇಲೆ ಒಂದು ನಿರ್ದಿಷ್ಟ ದೂರದಲ್ಲಿ ಬಿದ್ದು, ಅದಕ್ಕೂ ಮುಂದೆ ಹೋದಾಗ ಚೇತರಿಸಿಕೊಂಡರೆ ಅದು ಪ್ರತಿಫಲನ. ಸಿಗ್ನಲ್‌ನ ಮಟ್ಟ ಚೆನ್ನಾಗಿದ್ದೂ ಗದ್ದಲದ ಮಟ್ಟ ಏರಿ ಪ್ಯಾಕೆಟ್ ಹೋಗುತ್ತಿದ್ದರೆ ಹೊರಗಿನ ಹಸ್ತಕ್ಷೇಪ.

ಇದರ ಜೊತೆಗೆ ಇನ್ನೂ ನಾಲ್ಕು ವಿಚಾರಗಳು ಅಳತೆಗೋಲಿನಲ್ಲಿ ಸೇರುತ್ತವೆ: ವಿಮಾನ ಎಷ್ಟು ತೂಕ ಹೊರಬಲ್ಲದು, ನೆಲದಲ್ಲಿ ಉಪಕರಣ ನೋಡಿಕೊಳ್ಳಲು ಎಷ್ಟು ಜನ ಇದ್ದಾರೆ, ಹಣ ಎಷ್ಟು, ಮತ್ತು ಕಾನೂನು ಏನು ಬಿಡುತ್ತದೆ. ಕೊನೆಯದನ್ನು ಹಲವರು ಕೊನೆಗೇ ನೋಡುತ್ತಾರೆ. ಅದು ಮೊದಲು ಬರಬೇಕು.

ಭಾರತದಲ್ಲಿ ಪರವಾನಗಿಯಿಲ್ಲದೆ ಬಳಸಬಹುದಾದ ರೇಡಿಯೊ ಆವರ್ತನದ ಪಟ್ಟಿಗಳಲ್ಲಿ ಈ ಕೆಲಸಕ್ಕೆ ಮುಖ್ಯವಾದವು 865ರಿಂದ 867 ಮೆಗಾಹರ್ಟ್ಸ್ ಮತ್ತು 2.4 ಗಿಗಾಹರ್ಟ್ಸ್. ಎರಡನ್ನೂ 2005ರ ನಿಯಮಗಳು ತೆರೆದವು; ಮೊದಲನೆಯದನ್ನು 2021ರಲ್ಲಿ 868ರ ತನಕ ವಿಸ್ತರಿಸಲಾಯಿತು. ಮೊದಲನೆಯದರಲ್ಲಿ ಟ್ರಾನ್ಸ್‌ಮಿಟರಿಗೆ 1 ವಾಟ್, ಆಂಟೆನಾದ ಗೇನ್ (ಶಕ್ತಿಯನ್ನು ಒಂದೇ ದಿಕ್ಕಿಗೆ ಒಟ್ಟುಗೂಡಿಸುವ ಪ್ರಮಾಣ) ಸೇರಿ ಹೊರಸೂಸುವ ಶಕ್ತಿಗೆ 4 ವಾಟ್ ಮಿತಿಯಿದೆ. ಅಂತರಜಾಲದ ಅಂಗಡಿಗಳಲ್ಲಿ ಸುಲಭವಾಗಿ ಸಿಗುವ 915 ಮೆಗಾಹರ್ಟ್ಸ್‌ನ ಟೆಲಿಮೆಟ್ರಿ ರೇಡಿಯೊಗಳು ಅಮೆರಿಕದ ನಿಯಮಕ್ಕೆ ಮಾಡಿದವು. ಇಲ್ಲಿ ಆ ಭಾಗ ಮೊಬೈಲ್ ಸೇವೆಯ ಪಟ್ಟಿಗೆ ಅಂಟಿಕೊಂಡಿದೆ, ಅವನ್ನು ಕೊಳ್ಳಬೇಡಿ. ಟೆಲಿಮೆಟ್ರಿ ರೇಡಿಯೊ ಎರಡೂ ದಿಕ್ಕಿಗೆ ಮಾತಾಡುವಂಥದ್ದಾದರೆ ನೆಲದ ದೊಡ್ಡ ಆಂಟೆನಾವೂ ಪ್ರಸಾರ ಮಾಡುತ್ತದೆ, ಹಾಗಾಗಿ ಅದರ ಗೇನ್ ಕೂಡ 4 ವಾಟ್‌ನ ಲೆಕ್ಕಕ್ಕೆ ಬರುತ್ತದೆ ಎಂಬುದನ್ನೂ ಮರೆಯಬಾರದು.

ಎತ್ತರದ ಮಿತಿಯೂ ಸಿಗ್ನಲ್‌ಗೆ ಸಂಬಂಧಿಸಿದ್ದೇ. 2021ರ ಆಗಸ್ಟ್ 25ರ ಡ್ರೋನ್ ನಿಯಮಗಳ ಪ್ರಕಾರ ಹಸಿರು ವಲಯದಲ್ಲಿ 120 ಮೀಟರ್ ತನಕ ಹಾರಬಹುದು. ವಿಮಾನ ನಿಲ್ದಾಣದ ಗಡಿಯಿಂದ 8ರಿಂದ 12 ಕಿಲೋಮೀಟರ್ ಅಂತರದ ವರ್ತುಲದಲ್ಲಿ ಆ ಮಿತಿ 60 ಮೀಟರ್. ಬಜ್ಪೆಯ ನಿಲ್ದಾಣದ ಸುತ್ತ ಇರುವ ತಂಡಗಳು ನಕ್ಷೆ ನೋಡಿಯೇ ಜಾಗ ಆರಿಸಬೇಕು. ಹಾರಾಟ ತಗ್ಗಿದಷ್ಟೂ ಸಮುದ್ರದ ಪ್ರತಿಫಲನ ಪ್ರಬಲವಾಗುತ್ತದೆ.

ನಿಲ್ಲುವ ಜಾಗ: ಪದವೋ, ಕಡಲ ತೀರವೋ

ಖರ್ಚಿಲ್ಲದ ಆಯ್ಕೆ ಜಾಗ ಬದಲಿಸುವುದು. ನಮ್ಮಲ್ಲಿ ಮುರಕಲ್ಲಿನ ಪದವು (ಎತ್ತರದ ಸಮತಟ್ಟು ನೆಲ), ಅದರ ಕೆಳಗೆ ತೆಂಗು-ಅಡಿಕೆ ತೋಟಗಳ ಬೈಲು, ಪಶ್ಚಿಮಕ್ಕೆ ಮರಳು ಮತ್ತು ಸಮುದ್ರ. ಬೈಲಿನಲ್ಲಿ ನಿಂತು ಆಂಟೆನಾ ಎತ್ತುವುದರಿಂದ ಹೆಚ್ಚೇನೂ ದಕ್ಕದು. ರೇಡಿಯೊ ಅಲೆಗೆ ಕಣ್ಣಿಗೆ ಕಾಣುವ ನೇರ ಗೆರೆಯಷ್ಟೇ ಸಾಲದು. ಆ ಗೆರೆಯ ಸುತ್ತಲೂ ಒಂದಿಷ್ಟು ಬಿಡುವು ಬೇಕು. ಐದು ಕಿಲೋಮೀಟರ್ ದೂರಕ್ಕೆ, ಮಧ್ಯಭಾಗದಲ್ಲಿ, 2.4 ಗಿಗಾಹರ್ಟ್ಸ್‌ನಲ್ಲಿ ಸುಮಾರು 12 ಮೀಟರ್, 866 ಮೆಗಾಹರ್ಟ್ಸ್‌ನಲ್ಲಿ ಸುಮಾರು 21 ಮೀಟರ್ ತ್ರಿಜ್ಯದ ಬಿಡುವು. ತೆಂಗಿನ ತಲೆಗಳು ಅದರೊಳಗೆ ಬಂದರೆ ಸಿಗ್ನಲ್ ಸೋರುತ್ತದೆ, ಮಳೆಯಲ್ಲಿ ನೆನೆದ ಎಲೆಗಳಾದರೆ ಇನ್ನಷ್ಟು.

ಪದವಿನ ಅಂಚಿನಲ್ಲಿ ನಿಂತು ಭೂಮಿಯ ಮೇಲೆಯೇ ಹಾರಿಸುವ ತಂಡಕ್ಕೆ ನನ್ನ ಸಲಹೆ ಸರಳ: ಮೊದಲು ಇದನ್ನೇ ಮಾಡಿ, ಉಳಿದದ್ದನ್ನು ಆಮೇಲೆ ಯೋಚಿಸಿ. ಒಂದೇ ಎಚ್ಚರಿಕೆಯೆಂದರೆ ಎತ್ತರದ ಪದವುಗಳನ್ನು ಮೊಬೈಲ್ ಕಂಪನಿಗಳೂ ಮೊದಲೇ ಆರಿಸಿಕೊಂಡಿರುತ್ತವೆ.

ಕಡಲ ತೀರದ ವಿಚಾರ ಬೇರೆಯೇ. ಎದುರಿಗೆ ಮರವಿಲ್ಲ, ಮನೆಯಿಲ್ಲ, ಕೆಳಗೆ ಬಿದ್ದರೆ ಯಾರಿಗೂ ಪೆಟ್ಟಾಗದು ಎಂದು ಮಲ್ಪೆ, ಪಡುಬಿದ್ರಿ, ಸಸಿಹಿತ್ಲು ಕಡೆಯ ಮರಳು ಆಕರ್ಷಕವಾಗಿ ಕಾಣುತ್ತದೆ. ಆದರೆ ತಗ್ಗಿನ ಕೋನದಲ್ಲಿ ಬೀಳುವ ಅಲೆಗೆ ಉಪ್ಪುನೀರು ಕನ್ನಡಿಯಂತೆಯೇ ವರ್ತಿಸುತ್ತದೆ. ವಿಮಾನದಿಂದ ನೇರವಾಗಿ ಬಂದ ಅಲೆ ಮತ್ತು ನೀರಿಗೆ ತಾಗಿ ತಲೆಕೆಳಗಾಗಿ ಬಂದ ಅಲೆ ಆಂಟೆನಾದಲ್ಲಿ ಸೇರುತ್ತವೆ. ಎರಡರ ದಾರಿಯ ವ್ಯತ್ಯಾಸ ಪೂರ್ತಿ ಒಂದು ತರಂಗಾಂತರದಷ್ಟಾದಲ್ಲಿ ಒಂದನ್ನೊಂದು ಅಳಿಸಿಬಿಡುತ್ತವೆ.

ಲೆಕ್ಕ ಹಾಕಿ ನೋಡೋಣ. ನೆಲದ ಆಂಟೆನಾ ನೀರಿನ ಮಟ್ಟದಿಂದ 3 ಮೀಟರ್, ವಿಮಾನ 60 ಮೀಟರ್ ಎತ್ತರದಲ್ಲಿದ್ದರೆ, 2.4 ಗಿಗಾಹರ್ಟ್ಸ್‌ನಲ್ಲಿ ಸಿಗ್ನಲ್ ಅಳಿಯುವ ಅತ್ಯಂತ ದೂರದ ಬಿಂದು ಸುಮಾರು 2,880 ಮೀಟರ್. ಅದರ ಒಳಗೆ 1,440 ಮೀಟರ್, 960 ಮೀಟರ್ ಹೀಗೆ ಮತ್ತಷ್ಟು. ಅದೇ ಜಾಗದಲ್ಲಿ 866 ಮೆಗಾಹರ್ಟ್ಸ್ ಬಳಸಿದರೆ ಅತ್ಯಂತ ದೂರದ ಅಳಿಕೆ ಸುಮಾರು 1,040 ಮೀಟರಿನಲ್ಲೇ ಮುಗಿಯುತ್ತದೆ. ಆದರೆ ಸುಮಾರು 2 ಕಿಲೋಮೀಟರಿನ ನಂತರ ಎರಡು ಅಲೆಗಳ ಕಾದಾಟದಿಂದ ಸಿಗ್ನಲ್ ಸಾಮಾನ್ಯಕ್ಕಿಂತ ಬೇಗ ಕುಸಿಯುತ್ತಾ ಹೋಗುತ್ತದೆ. ಹಾಗಾಗಿ ಒಂದೆರಡು ಕಿಲೋಮೀಟರಿನೊಳಗೆ ಪರೀಕ್ಷೆ ಮಾಡುವವರಿಗೆ 866 ಒಳ್ಳೆಯದು; ಇನ್ನೂ ಆಚೆ ಹೋಗುವವರು, ಅನುಮತಿಯ ವಿಚಾರ ಮೊದಲು ಇತ್ಯರ್ಥ ಮಾಡಿಕೊಂಡು, 866ಕ್ಕೆ ಆಂಟೆನಾದ ಎತ್ತರ ಹೆಚ್ಚಿಸಬೇಕು, ಇಲ್ಲವೇ 2.4 ಬಳಸಿ ಮುಂದೆ ಹೇಳಲಿರುವ ಎರಡು ಆಂಟೆನಾಗಳ ದಾರಿ ಹಿಡಿಯಬೇಕು.

ಋತುವಿನ ಪ್ರಭಾವ ಅನೇಕರು ಊಹಿಸುವುದಕ್ಕೆ ವಿರುದ್ಧ. ಮೇಲಿನ ಉದಾಹರಣೆಯ ಕೋನದಲ್ಲಿ ಕಡಲಿನ ಅಲೆಗಳ ಎತ್ತರ ಮುಕ್ಕಾಲು ಮೀಟರಿಗಿಂತ ಕಡಿಮೆಯಿದ್ದರೆ ಸಮುದ್ರ ನಯವಾದ ಮೇಲ್ಮೈಯಂತೆ ಪ್ರತಿಫಲಿಸುತ್ತದೆ. ಅಂದರೆ ಹಾರಾಟಕ್ಕೆ ಅತ್ಯಂತ ಅನುಕೂಲವಾದ ಡಿಸೆಂಬರ್, ಜನವರಿಯ ಶಾಂತ ಬೆಳಗುಗಳಲ್ಲಿಯೇ ಅಳಿಕೆ ಆಳವಾಗಿರುತ್ತದೆ.

ವಿಮಾನದ ಮೇಲಿನ ಆಂಟೆನಾ

ಕೆಲವೇ ನೂರು ರೂಪಾಯಿಗಳಲ್ಲಿ ಹೆಚ್ಚಿನ ಲಾಭ ಕೊಡುವ ಬದಲಾವಣೆ ಇಲ್ಲಿಯೇ ಸಿಗುತ್ತದೆ. ಕಾರ್ಬನ್ ಫೈಬರ್ ರೇಡಿಯೊ ಅಲೆಯನ್ನು ತಡೆಯುತ್ತದೆ. ಅಂಥ ಮೈಯ ಒಳಗೆ ಆಂಟೆನಾ ಇಟ್ಟ ತಂಡ ನೆಲದಲ್ಲಿ ಎಷ್ಟೇ ಖರ್ಚು ಮಾಡಿದರೂ ಉಪಯೋಗವಿಲ್ಲ. ಬ್ಯಾಟರಿ, ಮೋಟಾರು, ವಿದ್ಯುತ್ ತಂತಿಗಳಿಂದ ದೂರವಾಗಿ ಬಾಲದ ತುದಿಯಲ್ಲೋ ರೆಕ್ಕೆಯ ತುದಿಯಲ್ಲೋ ಆಂಟೆನಾವನ್ನು ಲಂಬವಾಗಿ ನಿಲ್ಲಿಸುವುದು ಮೊದಲ ಹೆಜ್ಜೆ.

ವಿಮಾನ ಓಲಿದಾಗ ಧ್ರುವೀಕರಣ (ರೇಡಿಯೊ ಅಲೆ ಕಂಪಿಸುವ ದಿಕ್ಕು) ತಪ್ಪುತ್ತದೆಂದು, ಆ ದಿಕ್ಕು ಸುತ್ತುತ್ತಲೇ ಇರುವ ವರ್ತುಲ ಧ್ರುವೀಕರಣದ ಆಂಟೆನಾ ಕೊಳ್ಳುವವರಿದ್ದಾರೆ. ಇಲ್ಲಿ ಅಂಕಿಗಳನ್ನು ನೋಡಬೇಕು. ಒಂದು ಕಡೆ ಲಂಬ, ಇನ್ನೊಂದು ಕಡೆ ವರ್ತುಲ ಇಟ್ಟರೆ ಎಲ್ಲ ಹೊತ್ತಿನಲ್ಲೂ 3 ಡೆಸಿಬೆಲ್ ನಷ್ಟ, ಅಂದರೆ ಶಕ್ತಿ ಅರ್ಧವಾಗುತ್ತದೆ. ಎರಡೂ ಲಂಬವಾಗಿದ್ದು ವಿಮಾನ 45 ಡಿಗ್ರಿ ಓಲಿದಾಗ ಆಗುವ ನಷ್ಟವೂ ಅಷ್ಟೇ. 60 ಡಿಗ್ರಿಗೆ ಅದು 6 ಡೆಸಿಬೆಲ್. ಹಾಗಾಗಿ ಸೌಮ್ಯವಾಗಿ ತಿರುಗುವ ವಿಮಾನಕ್ಕೆ ಸರಳ ಲಂಬ ಆಂಟೆನಾವೇ ಮೇಲು. ಕಡಿದಾದ ತಿರುವುಗಳನ್ನೇ ಪರೀಕ್ಷಿಸುವವರು ವಿಮಾನ, ನೆಲ ಎರಡೂ ಕಡೆ ಒಂದೇ ದಿಕ್ಕಿಗೆ ಸುತ್ತುವ ವರ್ತುಲ ಆಂಟೆನಾ ಇಡಬೇಕು, ಒಂದೇ ಕಡೆಯಲ್ಲ. ಸಮುದ್ರದ ಪ್ರತಿಫಲನವನ್ನು ವರ್ತುಲ ಧ್ರುವೀಕರಣ ತಡೆಯುತ್ತದೆ ಎಂಬ ಮಾತು ತೀರ ತಗ್ಗಿನ ಕೋನಗಳಿಗೆ ಅನ್ವಯಿಸದು, ಏಕೆಂದರೆ ಅಲ್ಲಿ ಪ್ರತಿಫಲಿತ ಅಲೆಯ ಸುತ್ತು ತಿರುವುಮುರುವಾಗುವುದಿಲ್ಲ.

ದೊಡ್ಡ ವಿಮಾನಗಳಲ್ಲಿ ಮೇಲೊಂದು, ಕೆಳಗೊಂದು ಆಂಟೆನಾ ಇಟ್ಟು ಒಂದೇ ಸಿಗ್ನಲ್ ಹಂಚುವುದು ರೂಢಿ. ಮರೆಯಾಗುವ ತೊಂದರೆ ಇದರಿಂದ ತಪ್ಪುತ್ತದೆ, ಆದರೆ ಎರಡೂ ಆಂಟೆನಾ ಕಾಣುವ ದಿಕ್ಕುಗಳಲ್ಲಿ ಅವೆರಡರ ಸಿಗ್ನಲ್‌ಗಳು ಪರಸ್ಪರ ಅಳಿಸಿಕೊಳ್ಳುತ್ತವೆ. ಎರಡಕ್ಕೂ ಸಮನಲ್ಲದ ಶಕ್ತಿ ಹಂಚುವುದು ಹಳೆಯ ಉಪಾಯ. ಟೆಲಿಮೆಟ್ರಿಯ ಐರಿಗ್ 106 ಮಾನದಂಡದಲ್ಲಿ ಸೇರಿರುವ ಸ್ಪೇಸ್-ಟೈಮ್ ಕೋಡಿಂಗ್ ಇದಕ್ಕೆ ಸರಿಯಾದ ಪರಿಹಾರ: ಎರಡು ಆಂಟೆನಾಗಳಿಂದ ಬೇರೆ ಬೇರೆಯಾಗಿ ಸಂಕೇತಿಸಿದ ಸಿಗ್ನಲ್ ಹೊರಟು, ನೆಲದ ರಿಸೀವರ್ ಅವನ್ನು ಬಿಡಿಸಿ ಕೂಡಿಸಿಕೊಳ್ಳುತ್ತದೆ. ಟ್ರಾನ್ಸ್‌ಮಿಟರು, ರಿಸೀವರು ಎರಡನ್ನೂ ಬದಲಿಸಬೇಕಾದ ಕಾರಣ ಇದು ಸಂಸ್ಥೆಗಳ ಬಜೆಟ್‌ಗಷ್ಟೇ ಎಟುಕುತ್ತದೆ.

ಎಲ್‌ಎನ್‌ಎ ಮತ್ತು ದೊಡ್ಡ ಆಂಟೆನಾ: ಯಾವುದು ಮೊದಲು?

ಇವೆರಡೂ ದುರ್ಬಲ ಸಿಗ್ನಲ್‌ಗೆ ಮದ್ದು. ಎಲ್‌ಎನ್‌ಎ (ಲೋ ನಾಯ್ಸ್ ಆಂಪ್ಲಿಫೈಯರ್) ಎಂದರೆ ತನ್ನದೇ ಗದ್ದಲವನ್ನು ತೀರ ಕಡಿಮೆ ಸೇರಿಸುವ ಆಂಪ್ಲಿಫೈಯರ್. ಅದನ್ನು ರಿಸೀವರಿನ ಬಳಿ ಇಟ್ಟರೆ ಹೆಚ್ಚಿನ ಪ್ರಯೋಜನವಿಲ್ಲ, ಆಂಟೆನಾದ ಬುಡದಲ್ಲೇ ಇಡಬೇಕು. ರಿಸೀವರಿನ ನಾಯ್ಸ್ ಫಿಗರ್ (ಅದು ತಾನೇ ಸೇರಿಸುವ ಗದ್ದಲದ ಅಳತೆ) 6 ಡೆಸಿಬೆಲ್, ಕೇಬಲಿನ ನಷ್ಟ 3 ಡೆಸಿಬೆಲ್ ಇದ್ದರೆ ಒಟ್ಟು 9. ಕೇಬಲಿಗೂ ಮುಂಚೆ 20 ಡೆಸಿಬೆಲ್ ಗೇನ್, 1 ಡೆಸಿಬೆಲ್ ನಾಯ್ಸ್ ಫಿಗರಿನ ಎಲ್‌ಎನ್‌ಎ ಕೂರಿಸಿದರೆ ಆ 9 ಸುಮಾರು 1.2ಕ್ಕೆ ಇಳಿಯುತ್ತದೆ. ಅಂದರೆ ಹೆಚ್ಚುಕಡಿಮೆ 8 ಡೆಸಿಬೆಲ್ ಲಾಭ.

ಡಿಶ್‌ನ ವ್ಯಾಸವನ್ನು 1.2 ಮೀಟರಿನಿಂದ 2.4 ಮೀಟರಿಗೆ ಏರಿಸಿದರೆ ಸಿಗುವುದು 6 ಡೆಸಿಬೆಲ್ ಮಾತ್ರ. ಸಂಸ್ಥೆಗಳು ಬಳಸುವ 2.2 ಗಿಗಾಹರ್ಟ್ಸ್ ಆಸುಪಾಸಿನ ಎಸ್-ಬ್ಯಾಂಡಿನಲ್ಲಿ ಅದರ ಬೀಮ್ (ಅದು ಸಿಗ್ನಲ್ ಹಿಡಿಯುವ ಕೋನ) 8 ಡಿಗ್ರಿಯಿಂದ 4 ಡಿಗ್ರಿಗೆ ಸಪೂರವಾಗುತ್ತದೆ, ಗಾಳಿಯ ಹೊಡೆತ ನಾಲ್ಕು ಪಟ್ಟಾಗುತ್ತದೆ, ವಿಮಾನದ ಹಿಂದೆ ತಿರುಗಿಸಲು ಬಲವಾದ ಮೋಟಾರು ಬೇಕಾಗುತ್ತದೆ. ಸೆಕೆಂಡಿಗೆ 25 ಮೀಟರ್ ವೇಗದ ವಿಮಾನ 100 ಮೀಟರ್ ಸಮೀಪದಲ್ಲಿ ಅಡ್ಡಹಾಯುವಾಗ ಆಂಟೆನಾ ಸೆಕೆಂಡಿಗೆ 14 ಡಿಗ್ರಿ ತಿರುಗಬೇಕು. ವಿಮಾನ ಕಳಿಸುವ ಸ್ಥಾನದ ಆಧಾರದ ಮೇಲೆಯೇ ತಿರುಗುವ ಅಗ್ಗದ ಟ್ರ್ಯಾಕರುಗಳಲ್ಲಿ ಇನ್ನೊಂದು ಕೊರತೆಯಿದೆ: ಸಿಗ್ನಲ್ ಕಡಿದ ಕ್ಷಣದಲ್ಲೇ ಎಲ್ಲಿಗೆ ತಿರುಗಬೇಕೆಂಬ ಮಾಹಿತಿಯೂ ಕಡಿಯುತ್ತದೆ. ಸಿಗ್ನಲನ್ನೇ ಹಿಂಬಾಲಿಸುವ ದೊಡ್ಡ ಡಿಶ್‌ಗಳು ತಗ್ಗಿನ ಕೋನದಲ್ಲಿ ನೀರಿನೊಳಗಿನ ಪ್ರತಿಬಿಂಬದ ಕಡೆಗೆ ಜಗ್ಗುವುದುಂಟು. ಹಾಗಾಗಿ ಸಣ್ಣ ತಂಡಕ್ಕೆ ಡಿಶ್ ಬೇಡ ಎಂದೇ ಹೇಳುತ್ತೇನೆ. ಸುಮಾರು 8 ಡೆಸಿಬೆಲ್ ಗೇನಿನ ಚಪ್ಪಟೆ ಪ್ಯಾಚ್ ಆಂಟೆನಾದ ಬೀಮ್ 60–70 ಡಿಗ್ರಿ ಅಗಲ ಇರುತ್ತದೆ. ಪರೀಕ್ಷಾ ಪ್ರದೇಶದ ಕಡೆಗೆ ಮುಖ ಮಾಡಿ ಕಟ್ಟಿಟ್ಟರೆ ತಿರುಗಿಸುವ ಗೋಜಿಲ್ಲ.

ಎಲ್‌ಎನ್‌ಎಗೂ ಒಂದು ಅಪಾಯವಿದೆ. ಅದು ಬೇಡದ ಸಿಗ್ನಲನ್ನೂ ಹಿಗ್ಗಿಸುತ್ತದೆ. 869 ಮೆಗಾಹರ್ಟ್ಸ್‌ನಿಂದ ಮೇಲಕ್ಕೆ ಮೊಬೈಲ್ ಟವರುಗಳ ಪ್ರಸಾರ ಶುರುವಾಗುತ್ತದೆ, ನಮ್ಮ 865–867ರಿಂದ ಎರಡೇ ಮೆಗಾಹರ್ಟ್ಸ್ ಆಚೆ. 2.4 ಗಿಗಾಹರ್ಟ್ಸ್‌ನ ಕೆಳಗಡೆ 2,300ರಿಂದ 2,400ರ ತನಕವೂ ಮೊಬೈಲ್ ಡೇಟಾ ಇದೆ. ಟವರಿನ ಪಕ್ಕದಲ್ಲಿ ಎಲ್‌ಎನ್‌ಎ ಹಾಕಿದರೆ ಅದು ತುಂಬಿ ಉಕ್ಕಿ, ಇದ್ದ ಸಿಗ್ನಲ್ಲೂ ಹೋಗಬಹುದು. ಅದರ ಮುಂದೆ ಫಿಲ್ಟರ್ ಬೇಕು, ಫಿಲ್ಟರಿಗೂ ಒಂದೆರಡು ಡೆಸಿಬೆಲ್ ತೆರಬೇಕು; 866ರಲ್ಲಂತೂ ಎರಡು ಮೆಗಾಹರ್ಟ್ಸ್ ಅಂತರವನ್ನು ಬೇರ್ಪಡಿಸುವ ಫಿಲ್ಟರ್ ಅಗ್ಗವಾಗಿ ಸಿಗುವುದಿಲ್ಲ. ದ್ವಿಮುಖ ರೇಡಿಯೊ ಆದರೆ ಪ್ರಸಾರದ ಹೊತ್ತಿಗೆ ಎಲ್‌ಎನ್‌ಎಯನ್ನು ಬದಿಗೆ ಸರಿಸುವ ಸ್ವಿಚ್ ಇಲ್ಲದಿದ್ದರೆ ಅದು ಸುಟ್ಟೇಹೋಗುತ್ತದೆ.

ಇಷ್ಟು ಯೋಚಿಸುವ ಮೊದಲು ಕೇಬಲ್ ನೋಡಿ. ತೆಳ್ಳಗಿನ ಆರ್‌ಜಿ-58 ಕೇಬಲ್ 2.4 ಗಿಗಾಹರ್ಟ್ಸ್‌ನಲ್ಲಿ ಮೀಟರಿಗೆ ಸುಮಾರು 1 ಡೆಸಿಬೆಲ್ ನುಂಗುತ್ತದೆ. ಹತ್ತು ಮೀಟರ್ ಎಳೆದರೆ ಬಂದ ಶಕ್ತಿಯ ಹತ್ತರಲ್ಲಿ ಒಂಬತ್ತು ಪಾಲು ಕೇಬಲಿನಲ್ಲೇ ಮುಗಿಯಿತು. ರೇಡಿಯೊವನ್ನೇ ಕಂಬದ ಮೇಲೆ ಆಂಟೆನಾದ ಹಿಂದೆ ಕಟ್ಟಿ, ಕೆಳಕ್ಕೆ ಡೇಟಾ ತಂತಿ ಮಾತ್ರ ತಂದರೆ ಎಲ್‌ಎನ್‌ಎಯ ಅಗತ್ಯವೇ ಬಾರದಿರಬಹುದು.

ಎರಡು ಆಂಟೆನಾ, ಎರಡು ರಿಸೀವರ್

ಕಡಲ ತೀರದಲ್ಲಿ ಕೆಲಸ ಮಾಡುವವರಿಗೆ ನಾನು ಹೆಚ್ಚು ಒತ್ತಿ ಹೇಳುವ ಆಯ್ಕೆ ಇದು. ಒಂದು ಆಂಟೆನಾದಲ್ಲಿ ಅಲೆಗಳು ಅಳಿಸಿಕೊಂಡ ಹೊತ್ತಿನಲ್ಲಿ ಸ್ವಲ್ಪ ಮೇಲೋ ಕೆಳಗೋ ಇರುವ ಇನ್ನೊಂದರಲ್ಲಿ ಅವು ಕೂಡಿಕೊಂಡಿರುತ್ತವೆ. ಎರಡರ ಸಿಗ್ನಲ್ ಸಮನಾಗಿದ್ದಾಗ ಕೂಡಿಸುವುದರಿಂದ ಸಿಗುವುದು ಬರೀ 3 ಡೆಸಿಬೆಲ್. ಆದರೆ ಒಂದು ಪೂರ್ತಿ ಕುಸಿದಾಗ ಇನ್ನೊಂದು ಉಳಿಸಿಕೊಡುವ ಲಾಭ 20 ಡೆಸಿಬೆಲ್‌ಗೂ ಮೀರಬಹುದು. ಯಾವ ಡಿಶ್ಶೂ ಇದನ್ನು ಕೊಡಲಾರದು.

ಎತ್ತರಗಳನ್ನು ಮಾತ್ರ ಲೆಕ್ಕ ಹಾಕಿಯೇ ಆರಿಸಬೇಕು. ಮೇಲಿನ ಉದಾಹರಣೆಯಲ್ಲಿ 3 ಮೀಟರಿನ ಆಂಟೆನಾಕ್ಕೆ ಜೊತೆಯಾಗಿ 6 ಮೀಟರಿನದನ್ನು ಇಟ್ಟರೆ 2,880 ಮೀಟರಿನಲ್ಲಿ ಎರಡೂ ಒಟ್ಟಿಗೆ ಅಳಿಯುತ್ತವೆ, ಹಾಕಿದ ಹಣ ವ್ಯರ್ಥ. 4.5 ಮೀಟರಿನದಾದರೆ ಅದೇ ದೂರದಲ್ಲಿ ಅದರ ಸಿಗ್ನಲ್ ಅತ್ಯುಚ್ಚದಲ್ಲಿರುತ್ತದೆ. 1,440 ಮೀಟರಿನಲ್ಲಿ ಈ ಜೋಡಿಗೂ ಅಳಿಕೆ ತಪ್ಪದು, ಆದರೆ ಅಲ್ಲಿ ಕೋನ ಹೆಚ್ಚಿರುವುದರಿಂದ ಲಂಬ ಧ್ರುವೀಕರಣದ ಪ್ರತಿಫಲನ ಕುಗ್ಗಿರುತ್ತದೆ, ಸಿಗ್ನಲ್ಲೂ ಬಲವಾಗಿರುತ್ತದೆ. ಭರತ ಇಳಿತದೊಂದಿಗೆ ನೀರಿನ ಮಟ್ಟ ಬದಲಾಗುವುದರಿಂದ ಈ ಬಿಂದುಗಳೂ ದಿನದೊಳಗೆ ಸರಿಯುತ್ತವೆ. ನೆಲದ ಮೇಲೆ ಮಾತ್ರ ಹಾರಿಸುವ, ಆದರೆ ಕಡಿದಾಗಿ ತಿರುಗುವ ತಂಡಕ್ಕೆ ಎತ್ತರದ ಬದಲು ಧ್ರುವೀಕರಣದಲ್ಲಿ ಬೇರೆಯಾದ ಜೋಡಿ, ಅಂದರೆ ಒಂದು ಲಂಬ ಮತ್ತು ಒಂದು ಅಡ್ಡ, ಹೆಚ್ಚು ಉಪಯುಕ್ತ.

ಕೊಳ್ಳುವಾಗ ಎರಡು ದಾರಿಗಳಿವೆ. ಎರಡು ಆಂಟೆನಾ ಕನೆಕ್ಟರ್ ಇರುವ, ಒಳಗೇ ಆರಿಸಿಕೊಳ್ಳುವ ರೇಡಿಯೊ ಅಗ್ಗ ಮತ್ತು ಸುಲಭ. ಎರಡು ಪ್ರತ್ಯೇಕ ರಿಸೀವರುಗಳನ್ನಿಟ್ಟು, ಪ್ಯಾಕೆಟ್‌ಗಳ ಕ್ರಮಸಂಖ್ಯೆ ನೋಡಿ ತಂತ್ರಾಂಶದಲ್ಲಿ ಕೂಡಿಸುವುದು ಹೆಚ್ಚು ಬಲವಾದದ್ದು, ಏಕೆಂದರೆ ರಿಸೀವರುಗಳನ್ನು ನೂರಾರು ಮೀಟರ್ ದೂರ ಇಡಬಹುದು; ಆದರೆ ತಂಡದಲ್ಲಿ ಪ್ರೋಗ್ರಾಂ ಬರೆಯುವ ಒಬ್ಬರಾದರೂ ಬೇಕು. ಹಲವು ರೇಡಿಯೊಗಳು ಒಂದಕ್ಕೆ ಒಂದು ಎಂಬಂತೆ ಬೆಸೆದಿರುತ್ತವೆ, ಮೂರನೆಯದನ್ನು ಸೇರಿಸಿಕೊಳ್ಳುವುದಿಲ್ಲ, ಹಾಗಾಗಿ ಬಹುಬಿಂದು ಸಂಪರ್ಕಕ್ಕೆ ಒಗ್ಗುತ್ತದೆಯೇ ಎಂದು ಮೊದಲೇ ವಿಚಾರಿಸಿ. ದೊಡ್ಡ ಪರೀಕ್ಷಾ ವಲಯಗಳಲ್ಲಿ ಇದೇ ತತ್ವವನ್ನು ಹಲವು ಕಿಲೋಮೀಟರ್ ಅಂತರದ ಕೇಂದ್ರಗಳಿಗೆ ವಿಸ್ತರಿಸಿ, ಪ್ರತಿ ಕ್ಷಣವೂ ಉತ್ತಮ ಡೇಟಾವನ್ನು ಆರಿಸುವ ಬೆಸ್ಟ್ ಸೋರ್ಸ್ ಸೆಲೆಕ್ಟರ್ ಬಳಸುತ್ತಾರೆ.

ಡೇಟಾ ಕಡಿಮೆ ಮಾಡುವುದು, ಶಕ್ತಿ ಹೆಚ್ಚಿಸುವುದು

ಶಕ್ತಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಇಮ್ಮಡಿ ಮಾಡಿದರೆ 3 ಡೆಸಿಬೆಲ್. ಅಡೆತಡೆಯಿಲ್ಲದ ಆಕಾಶದಲ್ಲಿ ದೂರ ಇಮ್ಮಡಿಯಾಗಲು ನಾಲ್ಕು ಪಟ್ಟು ಶಕ್ತಿ ಬೇಕು. ಬ್ಯಾಟರಿ, ಬಿಸಿ, ಕಾನೂನು ಮೂರೂ ಅಡ್ಡ ಬರುತ್ತವೆ.

ಡೇಟಾದ ವೇಗವನ್ನು ಅರ್ಧಕ್ಕಿಳಿಸಿದರೂ ಅದೇ 3 ಡೆಸಿಬೆಲ್ ಸಿಗುತ್ತದೆ, ಬಿಡಿಗಾಸು ಖರ್ಚಿಲ್ಲದೆ. ಕಂಪನದ ಅಳತೆಯಂಥ ಭಾರದ ಡೇಟಾವನ್ನು ವಿಮಾನದೊಳಗಿನ ಮೆಮೊರಿ ಕಾರ್ಡಿನಲ್ಲಿ ಬರೆದುಕೊಂಡು, ಹಾರಾಟ ನಿಲ್ಲಿಸಬೇಕೇ ಎಂದು ತೀರ್ಮಾನಿಸಲು ಬೇಕಾದ ಹತ್ತು ಹದಿನೈದು ಅಂಕಿಗಳನ್ನಷ್ಟೇ ಕೆಳಗೆ ಕಳಿಸುವುದು ಜಾಣತನ. ವಿಮಾನವೇ ಕಳೆದುಹೋದರೆ ಕಾರ್ಡೂ ಹೋಗುತ್ತದೆ ಎಂಬುದು ಇದರ ದೌರ್ಬಲ್ಯ, ಸಮುದ್ರದ ಮೇಲಂತೂ ಅದು ಸಣ್ಣ ಮಾತಲ್ಲ. ಅಪಘಾತದ ಕಾರಣ ಹೇಳಬಲ್ಲ ಅಂಕಿಗಳು ಕೆಳಗೆ ಬರುವ ಪಟ್ಟಿಯಲ್ಲಿರಲಿ. ದೋಷ ತಿದ್ದುವ ಕೋಡಿಂಗ್ ಸೌಲಭ್ಯ ರೇಡಿಯೊದಲ್ಲಿದ್ದರೆ ಅದನ್ನೂ ತೆರೆದಿಡಿ.

ಕೈಯಲ್ಲಿ ಎರಡು ಮೂರು ಸಾವಿರ ರೂಪಾಯಿ ಮಾತ್ರ ಇರುವ ತಂಡ ಆಂಟೆನಾದ ಜಾಗ, ಗಿಡ್ಡ ಕೇಬಲ್, ತಗ್ಗಿಸಿದ ಡೇಟಾ ವೇಗ ಇಷ್ಟರಲ್ಲಿ ಕೆಲಸ ಸಾಧಿಸಬೇಕು, ಸಾಧಿಸಬಹುದು ಕೂಡ. ಹತ್ತಿಪ್ಪತ್ತು ಸಾವಿರ ಇದ್ದು ತೀರದಲ್ಲಿ ಹಾರಿಸುವವರು ಎರಡನೆಯ ಆಂಟೆನಾ ಮತ್ತು ರಿಸೀವರಿಗೆ ಕೊಡಲಿ. ಟವರುಗಳಿಂದ ದೂರದ ಒಳನಾಡಿನಲ್ಲಿ ದೂರದ ಹಾರಾಟ ಮಾಡುವವರು ಅದೇ ಹಣವನ್ನು ಪ್ಯಾಚ್ ಆಂಟೆನಾ ಹಾಗೂ ಫಿಲ್ಟರ್ ಸಹಿತ ಎಲ್‌ಎನ್‌ಎಗೆ ಹಾಕಲಿ. ತಿರುಗುವ ಡಿಶ್ ಪ್ರಯೋಗಾಲಯಕ್ಕೆ ಖಾಯಂ ನೆಲೆ ಮತ್ತು ಅದನ್ನು ನೋಡಿಕೊಳ್ಳುವ ಸಿಬ್ಬಂದಿ ಇದ್ದಾಗ ಮಾತ್ರ.

ಯಾವುದನ್ನು ಆರಿಸಿದರೂ ಕನೆಕ್ಟರುಗಳಿಗೆ ಸ್ವಲ್ಪ ಹಣ ತೆಗೆದಿಡಬೇಕು. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ನಮ್ಮಲ್ಲಿ 2.4 ಗಿಗಾಹರ್ಟ್ಸ್ ಅಲೆಯನ್ನು ಮಳೆಹನಿ ತಡೆಯುವುದಿಲ್ಲ. ಗಂಟೆಗೆ 100 ಮಿಲಿಮೀಟರ್ ಸುರಿದರೂ ಕಿಲೋಮೀಟರಿಗೆ ಆಗುವ ನಷ್ಟ ಡೆಸಿಬೆಲ್‌ನ ನೂರರಲ್ಲಿ ಎರಡು ಮೂರು ಪಾಲು. ಕನೆಕ್ಟರಿನೊಳಗೆ ಇಳಿದ ನೀರು ಮತ್ತು ಉಪ್ಪುಗಾಳಿ ತರುವ ಹಸಿರು ಕಿಲುಬು ಅದಕ್ಕಿಂತ ಎಷ್ಟೋ ಪಟ್ಟು ನುಂಗುತ್ತವೆ. ತಾನೇ ಬೆಸೆದುಕೊಳ್ಳುವ ರಬ್ಬರ್ ಟೇಪನ್ನು ಕೆಳಗಿನಿಂದ ಮೇಲಕ್ಕೆ ಸುತ್ತಿ, ಕೇಬಲನ್ನು ಕನೆಕ್ಟರಿಗಿಂತ ಕೆಳಗೆ ಒಮ್ಮೆ ಬಾಗಿಸಿ ನೀರು ಅಲ್ಲೇ ತೊಟ್ಟಿಕ್ಕುವಂತೆ ಮಾಡಿ. ಆಟಿ ತಿಂಗಳ ಮಳೆ ಮುಗಿದು ಮತ್ತೆ ಹಾರಾಟ ಆರಂಭಿಸುವ ಮೊದಲು ಪ್ರತಿಯೊಂದು ಕನೆಕ್ಟರನ್ನೂ ಬಿಚ್ಚಿ ನೋಡಿ, ಕಿಲುಬು ಹಿಡಿದದ್ದನ್ನು ಉಜ್ಜದೆ ಬದಲಿಸಿ.